ರಿಗ್ ಹೊತ್ತು ಗಡಿ ದಾಟುವ ಮುಂಚೆ

ಹ್ಯಾಮ್ ರೇಡಿಯೋ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ನಡೆಸುವ ರೇಡಿಯೋ, ಇದರ ಓದುಗರಿಂದ ಬರುವ ಪತ್ರಗಳಲ್ಲಿ ಈ ನಡುವೆ ಪ್ರವಾಸದ ಪ್ರಶ್ನೆಗಳೇ ಜಾಸ್ತಿ. ಅಂಗೈಯಗಲದ ಎಚ್‌ಎಫ್ (ದೂರದ ದೇಶಗಳಿಗೆ ಅಲೆ ಕಳಿಸುವ ಶಾರ್ಟ್‌ವೇವ್) ಸೆಟ್‌ಗಳು ಬಂದಿವೆ, ಸುತ್ತಿಟ್ಟರೆ ಜೇಬಿಗೆ ಹೋಗುವ ತಂತಿ ಆಂಟೆನಾ ಇದೆ, ಹಾಗಾಗಿ ಬಟ್ಟೆಯ ಜೊತೆ ರೇಡಿಯೋವನ್ನೂ ತುಂಬಿಕೊಳ್ಳುವ ಆಸೆ ಆಗೇ ಆಗುತ್ತದೆ. ನನಗೂ ಆಗುತ್ತದೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಪತ್ರಗಳು ಉದ್ದ ಇದ್ದವು, ಕೇಳಿದ್ದನ್ನಷ್ಟೇ ಉಳಿಸಿಕೊಂಡಿದ್ದೇನೆ.

ನನ್ನ ಹತ್ತಿರ ನಮ್ಮ ದೇಶದ ಹ್ಯಾಮ್ ಲೈಸೆನ್ಸ್ ಇದೆ. ಮುಂದಿನ ತಿಂಗಳು ಹದಿನೈದು ದಿನ ವಿದೇಶಕ್ಕೆ ಹೋಗುತ್ತಿದ್ದೇನೆ. ಹ್ಯಾಮ್ ಲೈಸೆನ್ಸ್ ಅಂತರರಾಷ್ಟ್ರೀಯ ನಿಯಮದ ಪ್ರಕಾರವೇ ಕೊಡುವುದಲ್ವಾ? ಹಾಗಾದರೆ ಅಲ್ಲೂ ನಡೆಯಬೇಕಲ್ಲ?

ನಡೆಯುವುದಿಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟೋ ಜನರ ಸೆಟ್ ಹೋಗಿದೆ, ಅದಕ್ಕೇ ಮೊದಲ ಉತ್ತರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾಲ್‌ಸೈನ್, ಅಂದರೆ ಲೈಸೆನ್ಸ್ ಜೊತೆ ಸಿಗುವ ನಿಮ್ಮ ಗುರುತಿನ ಅಕ್ಷರ-ಅಂಕಿ, ಕೇಳಿದ ಕೂಡಲೇ ಜಗತ್ತಿನ ಯಾವ ಮೂಲೆಯ ಹ್ಯಾಮ್‌ಗೂ ನೀವು ಯಾವ ದೇಶದವರೆಂದು ಗೊತ್ತಾಗುತ್ತದೆ. ಅದರಿಂದಲೇ ಇದು ಎಲ್ಲ ಕಡೆ ನಡೆಯುವ ಲೈಸೆನ್ಸ್ ಅನ್ನುವ ಭಾವನೆ ಬರುವುದು. ಆದರೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, ಯಾರಿಗೂ ಲೈಸೆನ್ಸ್ ಕೊಡುವುದಿಲ್ಲ. ಯಾವ ದೇಶದ ಕಾಲ್‌ಸೈನ್ ಯಾವ ಅಕ್ಷರದಿಂದ ಶುರುವಾಗಬೇಕು, ಹವ್ಯಾಸಿಗಳಿಗೆ ಯಾವ ಬ್ಯಾಂಡ್ (ಫ್ರೀಕ್ವೆನ್ಸಿಯ ಪಟ್ಟಿ) ಅನ್ನುವುದನ್ನು ಅದು ಹಂಚುತ್ತದೆ. ಲೈಸೆನ್ಸ್ ಕೊಡುವುದು ಆಯಾ ದೇಶದ ಸರಕಾರ. ಆ ಸರಕಾರದ ಮಾತು ನಡೆಯುವುದು ಅದರ ಗಡಿಯ ಒಳಗೆ ಮಾತ್ರ. ನಿಮ್ಮ ಮನೆಯ ಅಲೆ ಸಮುದ್ರ ದಾಟಿ ಹೋಗಬಹುದು, ಅದಕ್ಕೆ ಯಾರ ತಕರಾರೂ ಇಲ್ಲ. ನೀವೇ ಸಮುದ್ರ ದಾಟಿ ಹೋಗಿ ಅಲ್ಲಿಂದ ಅಲೆ ಬಿಡುವುದು ಬೇರೆ ವಿಷಯ.

2003ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೋ ಸಮ್ಮೇಳನ ಹವ್ಯಾಸಿ ರೇಡಿಯೋಗೆ ಸಂಬಂಧಿಸಿದ, ಐಟಿಯು ರೇಡಿಯೋ ನಿಯಮಗಳ 25ನೇ ವಿಧಿಯನ್ನು ತಿದ್ದಿತು. ಮೋರ್ಸ್ (ಚುಕ್ಕೆ-ಗೆರೆಯ ಸಂಕೇತ) ಪರೀಕ್ಷೆ ಕಡ್ಡಾಯವಲ್ಲ ಅಂತಾದದ್ದು ಆಗಲೇ, ಅದು ಎಲ್ಲರಿಗೂ ನೆನಪಿದೆ. ಅದೇ ವಿಧಿಯಲ್ಲಿ ಇನ್ನೊಂದು ಸಾಲು ಬಂತು, ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಬೇರೆ ದೇಶದ ಲೈಸೆನ್ಸ್ ಇರುವ ಹ್ಯಾಮ್ ಒಬ್ಬರು ತನ್ನ ನೆಲಕ್ಕೆ ತಾತ್ಕಾಲಿಕವಾಗಿ ಬಂದಾಗ, ಹೊಸ ಲೈಸೆನ್ಸ್ ಬರೆದುಕೊಡದೆಯೇ ಸ್ಟೇಷನ್ ನಡೆಸಲು ಬಿಡಬೇಕೋ ಬೇಡವೋ ಅಂತ ಆ ದೇಶವೇ ತೀರ್ಮಾನಿಸಬಹುದು, ಬೇಕಾದ ಷರತ್ತು ಹಾಕಬಹುದು. ‘ಬಹುದು’ ಅನ್ನುವುದನ್ನು ಗಮನಿಸಿ. ಅದು ಅತಿಥೇಯ ದೇಶಕ್ಕೆ ಕೊಟ್ಟ ಆಯ್ಕೆ, ನಿಮಗೆ ಕೊಟ್ಟ ಹಕ್ಕಲ್ಲ.

ಹಾಗಾಗಿ ದಾರಿ ಮೂರು. ಒಂದು, ಹಲವು ದೇಶಗಳು ಸೇರಿ ಮಾಡಿಕೊಂಡ ಒಪ್ಪಂದ, ಇದರಲ್ಲಿ ನಿಮ್ಮ ದೇಶವೂ ಆ ದೇಶವೂ ಎರಡೂ ಇರಬೇಕು. ಎರಡು, ಎರಡೇ ದೇಶಗಳ ನಡುವಿನ ಪರಸ್ಪರ ಒಪ್ಪಂದ. ಮೂರು, ಇವೆರಡೂ ಇಲ್ಲದಿದ್ದರೆ ಆ ದೇಶದ ರೇಡಿಯೋ ಇಲಾಖೆಗೆ ನೇರವಾಗಿ ಅರ್ಜಿ ಹಾಕಿ ತಾತ್ಕಾಲಿಕ ಅನುಮತಿ ಪಡೆಯುವುದು. ಒಂದೊಂದು ದೇಶ ಇದಕ್ಕಿಂತ ಉದಾರವಾಗಿರುತ್ತದೆ. ನ್ಯೂಜಿಲೆಂಡ್ ನೋಡಿ: ಅಲ್ಲಿ ಹವ್ಯಾಸಿಗಳೆಲ್ಲ ಒಂದೇ ಸಾಮಾನ್ಯ ಲೈಸೆನ್ಸ್‌ನ ಅಡಿ ಬರುತ್ತಾರೆ, ತಮ್ಮ ದೇಶದ ಚಾಲ್ತಿ ಅರ್ಹತೆ ಇರುವ ಪ್ರವಾಸಿಗೆ 90 ದಿನದವರೆಗೆ ಅದರ ಅಡಿಯಲ್ಲೇ ಅವಕಾಶ ಇದೆ. ಇನ್ನು ಕೆಲವು ದೇಶಗಳಲ್ಲಿ ಸ್ವಂತ ನಾಗರಿಕರಿಗೇ ಲೈಸೆನ್ಸ್ ಸಿಗುವುದು ಕಷ್ಟ, ಉತ್ತರ ಕೊರಿಯಾದಂಥ ಕಡೆಗೆ ಸೆಟ್ ಒಯ್ಯುವ ಯೋಚನೆಯೇ ಬೇಡ.

ಯುರೋಪಿಗೆ ಹೋಗುವವರಿಗೆ ‘ಸೆಪ್ಟ್ ಲೈಸೆನ್ಸ್’ ಸಾಕು ಅಂತಾರೆ. ಅದನ್ನು ಎಲ್ಲಿ ಮಾಡಿಸಬೇಕು?

ಎಲ್ಲೂ ಮಾಡಿಸುವುದಲ್ಲ. ಅದು ಬೇರೆ ಲೈಸೆನ್ಸೇ ಅಲ್ಲ. ಸೆಪ್ಟ್ ಅಂದರೆ ಯುರೋಪಿನ ಅಂಚೆ ಮತ್ತು ದೂರಸಂಪರ್ಕ ಆಡಳಿತಗಳ ಒಕ್ಕೂಟ. 1985ರಲ್ಲಿ ಅದು ಟಿ/ಆರ್ 61-01 ಅನ್ನುವ ಶಿಫಾರಸು ಹೊರಡಿಸಿತು. ಅದನ್ನು ಒಪ್ಪಿದ ದೇಶಗಳ ಹ್ಯಾಮ್‌ಗಳು ಒಬ್ಬರ ದೇಶಕ್ಕೆ ಇನ್ನೊಬ್ಬರು ಹೋದಾಗ ಅರ್ಜಿ, ಶುಲ್ಕ ಯಾವುದೂ ಇಲ್ಲದೆ ಮೂರು ತಿಂಗಳವರೆಗೆ ಸ್ಟೇಷನ್ ನಡೆಸಬಹುದು. ನಿಮ್ಮ ಮಾಮೂಲಿ ಲೈಸೆನ್ಸ್‌ನ ಮೇಲೆಯೇ ಇದು ಸೆಪ್ಟ್‌ಗೆ ಸಮ ಅಂತ ನಮೂದಾಗಿರುತ್ತದೆ, ಇಲ್ಲವೇ ಜೊತೆಗೊಂದು ಪತ್ರ ಇರುತ್ತದೆ. 1992ರಲ್ಲಿ ಯುರೋಪಿನ ಹೊರಗಿನ ದೇಶಗಳಿಗೂ ಬಾಗಿಲು ತೆರೆಯಿತು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಇಸ್ರೇಲ್ ಒಳಗೆ ಬಂದದ್ದು ಹಾಗೆ. ಭಾರತ ಈ ಪಟ್ಟಿಯಲ್ಲಿಲ್ಲ, ಏಷ್ಯಾದ ಹೆಚ್ಚಿನ ದೇಶಗಳೂ ಇಲ್ಲ. ಪಟ್ಟಿಯಲ್ಲಿಲ್ಲದ ದೇಶದ ಲೈಸೆನ್ಸ್ ಎಷ್ಟೇ ಮೇಲಿನ ದರ್ಜೆಯದಾದರೂ ಈ ದಾರಿ ಮುಚ್ಚಿದೆ. ಅಂಥವರು ಹೋಗುವ ದೇಶದ ಇಲಾಖೆಗೇ ಬರೆಯಬೇಕು, ಹೊರಡುವ ದಿನಕ್ಕೆ ಎರಡು ಮೂರು ತಿಂಗಳು ಇರುವಾಗಲೇ.

ಪಟ್ಟಿಯಲ್ಲಿ ಇರುವವರಿಗೂ ಒಂದು ಮಾತು. ಶಿಫಾರಸಿನ ಹಿಂದೆ ಒಂದು ಕೋಷ್ಟಕ ಇದೆ, ಅದರ ಕೆಳಗೆ ಅಡಿಟಿಪ್ಪಣಿಗಳಿವೆ. ಯಾವ ದೇಶದ ಯಾವ ದರ್ಜೆ ಸೆಪ್ಟ್‌ಗೆ ಸಮ, ಅಲ್ಲಿ ಯಾವ ಪ್ರಿಫಿಕ್ಸ್ (ದೇಶದ ಗುರುತಿನ ಅಕ್ಷರ) ಹಾಕಬೇಕು, ಇನ್ನೇನು ಕಟ್ಟುಪಾಡು ಅನ್ನುವುದೆಲ್ಲ ಅಲ್ಲೇ ಇರುವುದು. ಎಲ್ಲ ದರ್ಜೆಗಳಿಗೂ ಈ ಅವಕಾಶ ಇಲ್ಲ. ಅಮೆರಿಕದ್ದನ್ನೇ ತೆಗೆದುಕೊಳ್ಳಿ. ಅಲ್ಲಿಯ ಎಲ್ಲಕ್ಕಿಂತ ಮೇಲಿನ ಎಕ್ಸ್‌ಟ್ರಾ ಮತ್ತು ಹಳೆಯ ಅಡ್ವಾನ್ಸ್ಡ್ ದರ್ಜೆಯವರಿಗೆ ಪೂರ್ಣ ಸೆಪ್ಟ್ ಸವಲತ್ತು ಇದೆ. ಜನರಲ್ ದರ್ಜೆಯವರಿಗೆ ನೋವಿಸ್ (ಆರಂಭಿಕರ) ಮಟ್ಟದ್ದು, ಅದು ಇಸಿಸಿ 05-06 ಅನ್ನುವ ಬೇರೆ ಶಿಫಾರಸು, ಅದನ್ನು ಒಪ್ಪಿದ ದೇಶಗಳು ಕಡಿಮೆ. ಟೆಕ್ನಿಷಿಯನ್ ದರ್ಜೆಯವರಿಗೆ ಏನೂ ಇಲ್ಲ. ಪೂರ್ಣ ಸೆಪ್ಟ್ ನಡೆಯುವ ದೇಶದಲ್ಲೆಲ್ಲ ನೋವಿಸ್ ಕೂಡ ನಡೆಯುತ್ತದೆ ಅಂದುಕೊಂಡು ಹೋಗಬೇಡಿ, ಎರಡಕ್ಕೂ ಪಟ್ಟಿ ಬೇರೆ ಬೇರೆ.

ಇದರಲ್ಲಿ ಇನ್ನೊಂದು ಸುಳಿ ಇದೆ, ಕೇಳಿ. ಅಮೆರಿಕದ ಲೈಸೆನ್ಸ್ ತೋರಿಸಿ ಯುರೋಪಿನಲ್ಲಿ ಸೆಪ್ಟ್ ಸವಲತ್ತು ಬಳಸಬೇಕಾದರೆ ಆ ವ್ಯಕ್ತಿ ಅಮೆರಿಕದ ನಾಗರಿಕರೂ ಆಗಿರಬೇಕು. ಬೇರೆ ದೇಶದವರು ಅಮೆರಿಕದ ಪರೀಕ್ಷೆ ಬರೆಯಬಹುದು, ಪಾಸಾಗಬಹುದು, ಕಾಲ್‌ಸೈನ್ ಪಡೆಯಬಹುದು, ಅದೆಲ್ಲ ಸರಿ. ಆದರೆ ಅದನ್ನು ಹಿಡಿದುಕೊಂಡು ಜರ್ಮನಿಗೆ ಹೋಗಿ ಸೆಪ್ಟ್ ಅಂತ ಹೇಳಲು ಬರುವುದಿಲ್ಲ. ಇಷ್ಟಕ್ಕೇ ಅಂತ ದುಡ್ಡು, ಸಮಯ ಹಾಕಿ ಆ ಪರೀಕ್ಷೆ ಬರೆದವರು ನನಗೆ ಗೊತ್ತು. ವಿಷಯ ತಿಳಿದಾಗ ಅವರಿಗಾದ ಬೇಸರ ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಜೊತೆಗಿಟ್ಟುಕೊಳ್ಳಬೇಕಾದ ಕಾಗದ: ಮೂಲ ಲೈಸೆನ್ಸ್, ಪಾಸ್‌ಪೋರ್ಟ್, ನಿಮ್ಮ ದೇಶ ಹೊರಡಿಸಿದ ಸೆಪ್ಟ್ ಪತ್ರ ಇದ್ದರೆ ಅದು. ಅಮೆರಿಕದವರು ಅಲ್ಲಿಯ ರೇಡಿಯೋ ಇಲಾಖೆಯಾದ ಎಫ್‌ಸಿಸಿ ಹೊರಡಿಸಿದ ಸಾರ್ವಜನಿಕ ಪ್ರಕಟಣೆಯ ಪ್ರತಿ ಒಯ್ಯಲೇಬೇಕು, ಅದು ಇಂಗ್ಲಿಷ್, ಫ್ರೆಂಚ್, ಜರ್ಮನ್ ಮೂರರಲ್ಲೂ ಇದೆ. ಅಧಿಕಾರಿ ಕೇಳಿದರೆ ತೋರಿಸಬೇಕು. ಫೋನಿನಲ್ಲಿರುವ ಫೋಟೋ ನೆಚ್ಚಿಕೊಳ್ಳಬೇಡಿ, ಮುದ್ರಿಸಿ ಒಯ್ಯಿರಿ.

ಅಮೆರಿಕ ಖಂಡಗಳಲ್ಲಿ ಇದೇ ಥರದ ಇನ್ನೊಂದು ಏರ್ಪಾಡು ಇದೆ, ಐಎಆರ್‌ಪಿ ಅನ್ನುವ ಅಂತರ-ಅಮೆರಿಕನ್ ಪರ್ಮಿಟ್. ಅದು ಮಾತ್ರ ನಿಜವಾಗಿ ಕೈಗೆ ಕೊಡುವ ಕಾಗದ. ನಿಮ್ಮ ದೇಶದಲ್ಲೇ ಮಾಡಿಸಿಕೊಂಡು ಹೋಗಬೇಕು, ಒಂದು ವರ್ಷ ನಡೆಯುತ್ತದೆ.

ಅಮೆರಿಕಕ್ಕೆ ಹೋಗುವ ಭಾರತೀಯ ಹ್ಯಾಮ್ ಏನು ಮಾಡಬೇಕು?

ಇದಕ್ಕೆ ಉತ್ತರ ಸಂತೋಷದಿಂದ ಕೊಡುತ್ತೇನೆ. ಅಮೆರಿಕದ ಜೊತೆ ಪರಸ್ಪರ ಒಪ್ಪಂದ ಇರುವ ದೇಶಗಳ ಪಟ್ಟಿಯಲ್ಲಿ ಭಾರತ ಇದೆ. ಅಂಥ ದೇಶಗಳ ಹ್ಯಾಮ್‌ಗೆ ಅಲ್ಲಿ ಅರ್ಜಿ ಬೇಡ, ಫಾರ್ಮ್ ಬೇಡ. ಲೈಸೆನ್ಸ್ ಕೊಟ್ಟ ದೇಶದ ಪ್ರಜೆಯೇ ನೀವಾಗಿರಬೇಕು, ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಅಷ್ಟೇ. ನಿಮ್ಮ ಮನೆಯ ಲೈಸೆನ್ಸ್‌ನಲ್ಲಿ ಏನು ಸವಲತ್ತು ಇದೆಯೋ ಅದೇ ಅಲ್ಲೂ, ಆದರೆ ಅಲ್ಲಿಯ ಎಕ್ಸ್‌ಟ್ರಾ ದರ್ಜೆಯನ್ನು ಮೀರುವಂತಿಲ್ಲ. ಒಂದು ವೇಳೆ ನೀವು ಈಗಾಗಲೇ ಎಫ್‌ಸಿಸಿ ಲೈಸೆನ್ಸ್ ಪಡೆದವರಾಗಿದ್ದರೆ ಈ ಪರಸ್ಪರ ಸವಲತ್ತು ನಿಮಗಿಲ್ಲ, ಆ ಎಫ್‌ಸಿಸಿ ದರ್ಜೆಯಲ್ಲೇ ನಡೆಸಬೇಕು. ನಿಮ್ಮಲ್ಲಿರುವುದು ಟೆಕ್ನಿಷಿಯನ್ ಆಗಿದ್ದರೆ ಇದರಿಂದ ಎಚ್‌ಎಫ್ ಹೆಚ್ಚುಕಡಿಮೆ ಕೈತಪ್ಪಿದಂತೆಯೇ, ಯೋಚನೆ ಮಾಡಿ ಪರೀಕ್ಷೆಗೆ ಕೂರಿ.

ಬೇರೆ ದೇಶದಲ್ಲಿ ನಿಂತು ನನ್ನ ಕಾಲ್‌ಸೈನ್ ಹೇಗೆ ಹೇಳಬೇಕು? ಕೆಲವರು ಹಿಂದೆ ಸೇರಿಸುತ್ತಾರೆ, ಕೆಲವರು ಮುಂದೆ.

ಸೆಪ್ಟ್‌ನಲ್ಲಿ ಗೊಂದಲವೇ ಇಲ್ಲ: ಮೊದಲು ಹೋದ ದೇಶದ ಪ್ರಿಫಿಕ್ಸ್, ಆಮೇಲೆ ಅಡ್ಡಗೆರೆ, ಆಮೇಲೆ ನಿಮ್ಮ ಪೂರ್ತಿ ಕಾಲ್‌ಸೈನ್. ಮಾತಿನಲ್ಲಿ ಆ ಗೆರೆಯನ್ನು ‘ಸ್ಟ್ರೋಕ್’ ಅಂತ ಹೇಳಬೇಕು. ಜರ್ಮನಿಯಲ್ಲಿ ಡಿಎಲ್ ಸ್ಟ್ರೋಕ್, ಫ್ರಾನ್ಸ್‌ನಲ್ಲಿ ಎಫ್ ಸ್ಟ್ರೋಕ್. ಆದರೆ ಒಂದೇ ದೇಶದೊಳಗೂ ಪ್ರಿಫಿಕ್ಸ್ ಬದಲಾಗುತ್ತದೆ. ಫ್ರಾನ್ಸ್‌ನ ಕಾರ್ಸಿಕಾ ದ್ವೀಪಕ್ಕೆ ಹೋದರೆ ಎಫ್ ಅಲ್ಲ, ಟಿಕೆ. ಫಿನ್‌ಲೆಂಡ್‌ನಲ್ಲಿ ಓಎಚ್, ಅದೇ ಆಲಂಡ್ ದ್ವೀಪಗಳಲ್ಲಿ ಓಎಚ್0. ಬ್ರಿಟನ್‌ನಲ್ಲಿ ಇಂಗ್ಲೆಂಡಿಗೆ ಬರೀ ಎಂ, ಸ್ಕಾಟ್ಲೆಂಡಿಗೆ ಎಂಎಂ, ವೇಲ್ಸ್‌ಗೆ ಎಂಡಬ್ಲ್ಯು, ಉತ್ತರ ಐರ್ಲೆಂಡಿಗೆ ಎಂಐ. ರೈಲಿನಲ್ಲಿ ಒಂದು ಹಳ್ಳಿ ದಾಟುವಷ್ಟರಲ್ಲಿ ನಿಮ್ಮ ಕಾಲ್‌ಸೈನ್ ಬದಲಾಗಿರುತ್ತದೆ. ಇದು ಬರೀ ಶಿಸ್ತಿನ ವಿಷಯ ಅಲ್ಲ. ನಿಮ್ಮನ್ನು ಕರೆಯುತ್ತಿರುವವರಲ್ಲಿ ಎಷ್ಟೋ ಜನ ಕಾರ್ಸಿಕಾ ಬೇಕು, ಆಲಂಡ್ ಬೇಕು ಅಂತ ವರ್ಷಗಟ್ಟಲೆ ಕಾದವರು. ಎಷ್ಟು ದೇಶ, ಪ್ರದೇಶಗಳ ಜೊತೆ ಮಾತಾಡಿದಿರಿ ಅಂತ ಎಣಿಸುವ ಡಿಎಕ್ಸ್‌ಸಿಸಿ ಪ್ರಶಸ್ತಿಯ ಲೆಕ್ಕದಲ್ಲಿ ಇವೆಲ್ಲ ಬೇರೆ ಬೇರೆ, ನೀವು ತಪ್ಪು ಪ್ರಿಫಿಕ್ಸ್ ಹೇಳಿದರೆ ಅವರ ಲಾಗ್ (ಸಂಪರ್ಕಗಳ ದಾಖಲೆ) ಕೆಡುತ್ತದೆ.

ಅಮೆರಿಕದಲ್ಲಿ ಅಕ್ಷರದ ಜೊತೆ, ಕಾಲ್‌ಸೈನ್‌ಗೆಂದು ಆ ದೇಶ ಮಾಡಿಕೊಂಡ ವಲಯದ ಅಂಕಿಯೂ ಸೇರುತ್ತದೆ. ನೀವಿರುವ ರಾಜ್ಯ 6ನೇ ವಲಯದಲ್ಲಿದ್ದರೆ ಡಬ್ಲ್ಯು6 ಸ್ಟ್ರೋಕ್, ಆಮೇಲೆ ನಿಮ್ಮ ಕಾಲ್‌ಸೈನ್. ಅಲ್ಲಿ ಇನ್ನೊಂದು ನಿಯಮ ಇದೆ: ಪ್ರತಿ ಸಂಪರ್ಕದಲ್ಲಿ ಒಮ್ಮೆಯಾದರೂ ನೀವಿರುವ ಊರು, ರಾಜ್ಯದ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಕೆನಡಾದವರಿಗೆ ಮಾತ್ರ ಆ ಗುರುತು ಕಾಲ್‌ಸೈನ್‌ನ ಹಿಂದೆ ಬರುತ್ತದೆ. ನೀವು ಎರಡೂ ಥರ ಕೇಳಿದ್ದು ಬಹುಶಃ ಇದರಿಂದಲೇ.

ಎಫ್‌ಟಿ8, ಅಂದರೆ ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ವಿಧಾನ, ಬಳಸುವವರು ಹೊರಡುವ ಮುಂಚೆ ಮನೆಯಲ್ಲೇ ಒಮ್ಮೆ ಹೊಸ ಕಾಲ್‌ಸೈನ್ ಹಾಕಿ ನೋಡಿ. ಅದರ ಸಂದೇಶ ಇರುವುದೇ 77 ಬಿಟ್. ಸ್ಟ್ರೋಕ್ ಇರುವ ಉದ್ದದ ಕಾಲ್‌ಸೈನ್ ಪೂರ್ತಿ ಹೋಗಬೇಕಾದರೆ ಗ್ರಿಡ್‌ಗೆ (ನೀವಿರುವ ಸ್ಥಳದ ಸಂಕೇತ) ಜಾಗ ಉಳಿಯುವುದಿಲ್ಲ, ಎದುರಿನವರ ಕಾಲ್‌ಸೈನ್ ಕೂಡ ಸಂಕ್ಷಿಪ್ತ ಸಂಕೇತವಾಗಿ ಹೋಗುತ್ತದೆ. ತಂತ್ರಾಂಶ ಇದನ್ನು ನಿಭಾಯಿಸುತ್ತದೆ. ಆದರೆ ಪರದೆಯ ಮೇಲೆ ಮಾಮೂಲಿಗಿಂತ ಬೇರೆ ಥರ ಕಂಡಾಗ ಹೋಟೆಲ್ ರೂಮಿನಲ್ಲಿ ಕೂತು ಗಾಬರಿಯಾಗುವುದು ಬೇಡ.

ಅನುಮತಿ ಸಿಕ್ಕಿತು. ಇನ್ನು ನನ್ನ ಸೆಟ್‌ನಲ್ಲಿ ಈಗಾಗಲೇ ತುಂಬಿಟ್ಟಿರುವ ಫ್ರೀಕ್ವೆನ್ಸಿಗಳನ್ನೇ ಬಳಸಬಹುದಲ್ವಾ?

ಎಲ್ಲ ಅಳಿಸಿ ಹೊಸದಾಗಿ ತುಂಬಿ. ನಿಜವಾಗಿ ಹೇಳುತ್ತಿದ್ದೇನೆ, ಅನುಮತಿ ಪಡೆದವರೂ ಎಡವುವುದು ಇಲ್ಲೇ.

ಐಟಿಯು ಜಗತ್ತನ್ನು ಮೂರು ವಲಯ ಮಾಡಿದೆ. ಯುರೋಪ್, ಆಫ್ರಿಕಾ, ಮಧ್ಯಪ್ರಾಚ್ಯ ಒಂದನೆಯದು. ಎರಡೂ ಅಮೆರಿಕ ಖಂಡಗಳು ಎರಡನೆಯದು. ಏಷ್ಯಾದ ಬಹುಪಾಲು ಮತ್ತು ಪೆಸಿಫಿಕ್ ಮೂರನೆಯದು. ಬ್ಯಾಂಡ್‌ಗಳನ್ನು ಅಲೆಯ ಉದ್ದದಿಂದ ಕರೆಯುತ್ತಾರೆ. ಎರಡು ಮೀಟರ್ ಬ್ಯಾಂಡ್ ಎರಡನೇ, ಮೂರನೇ ವಲಯದಲ್ಲಿ 144ರಿಂದ 148 ಮೆಗಾಹರ್ಟ್ಸ್. ಯುರೋಪಿಗೆ ಹೋದರೆ 146ಕ್ಕೇ ಮುಗಿಯಿತು. ಅಮೆರಿಕದ ಎಫ್‌ಎಂ ಕರೆ ಫ್ರೀಕ್ವೆನ್ಸಿ 146.520, ಅದನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಯುರೋಪಿನಲ್ಲಿ ಬಟನ್ ಒತ್ತಿದರೆ ನೀವು ಹವ್ಯಾಸಿ ಬ್ಯಾಂಡ್‌ನಿಂದ ಆಚೆ ಇದ್ದೀರಿ. ಅಲ್ಲಿಯ ಕರೆ ಫ್ರೀಕ್ವೆನ್ಸಿ 145.500. ನಲವತ್ತು ಮೀಟರ್‌ನಲ್ಲೂ ಹೀಗೇ. ಅಮೆರಿಕ ಖಂಡಗಳಲ್ಲಿ 7.0ಯಿಂದ 7.3 ಮೆಗಾಹರ್ಟ್ಸ್ ಹವ್ಯಾಸಿಗಳದ್ದು, ಉಳಿದ ಎರಡು ವಲಯಗಳಲ್ಲಿ 7.2ರ ಮೇಲೆ ಪ್ರಸಾರ ಕೇಂದ್ರಗಳಿವೆ. ಎಂಬತ್ತು ಮೀಟರ್ ಮೂರು ವಲಯದಲ್ಲಿ ಮೂರು ಥರ: 3.8ರವರೆಗೆ, 4.0ರವರೆಗೆ, 3.9ರವರೆಗೆ. ಇದೂ ಐಟಿಯು ಹಾಕಿದ ಹೊರಗಿನ ಬೇಲಿ ಮಾತ್ರ, ಒಳಗೆ ಪ್ರತಿ ದೇಶ ಇನ್ನೂ ಚಿಕ್ಕ ಬೇಲಿ ಹಾಕಿಕೊಂಡಿರಬಹುದು. ಅರವತ್ತು ಮೀಟರ್‌ಗೆ 2015ರಲ್ಲಿ 5351.5ರಿಂದ 5366.5 ಕಿಲೋಹರ್ಟ್ಸ್ ಅಂತ ಒಂದು ತುಣುಕು ಸಿಕ್ಕಿತು, ಬಹಳಷ್ಟು ಕಡೆ 15 ವಾಟ್ ಇಐಆರ್‌ಪಿ (ಆಂಟೆನಾದಿಂದ ಹೊರಡುವ ಶಕ್ತಿಯ ಅಳತೆ) ಮಿತಿಯ ಜೊತೆ. ಎಲ್ಲ ದೇಶಗಳೂ ಅದನ್ನು ಕೊಟ್ಟಿಲ್ಲ.

ಇನ್ನೊಂದು ಸೂಕ್ಷ್ಮ. ಬ್ಯಾಂಡ್‌ನ ಒಳಗೆ ಎಲ್ಲಿ ಮಾತು, ಎಲ್ಲಿ ಮೋರ್ಸ್ ಅನ್ನುವುದು ಹೆಚ್ಚಿನ ದೇಶಗಳಲ್ಲಿ ಹ್ಯಾಮ್‌ಗಳೇ ಮಾಡಿಕೊಂಡ ಒಡಂಬಡಿಕೆ. ಅಮೆರಿಕದಲ್ಲಿ ಅದು ಕಾನೂನು. ಇಪ್ಪತ್ತು ಮೀಟರ್‌ನಲ್ಲಿ 14.120ರಲ್ಲಿ ಮಾತಾಡುವುದು ಬೇರೆ ದೇಶಗಳಲ್ಲಿ ದಿನನಿತ್ಯ ಕೇಳಿಬರುತ್ತದೆ, ಅಮೆರಿಕದ ನೆಲದಲ್ಲಿ ನಿಂತು 14.150ರ ಕೆಳಗೆ ಮಾತಾಡಿದರೆ ನಿಯಮ ಮುರಿದಂತೆ. ಪ್ರವಾಸಿಗೂ ಅದೇ ನಿಯಮ.

ಕಸ್ಟಮ್ಸ್‌ನಲ್ಲಿ ತೊಂದರೆ ಆಗುತ್ತದಾ? ಸೆಟ್ ಚೆಕ್-ಇನ್ ಬ್ಯಾಗಿನಲ್ಲಿ ಹಾಕಲಾ, ಕೈಚೀಲದಲ್ಲಾ?

ಆಗಬಹುದು. ಸ್ಟೇಷನ್ ನಡೆಸುವ ಅನುಮತಿ ಬೇರೆ, ಸೆಟ್ ಒಳಗೆ ತರುವ ಅನುಮತಿ ಬೇರೆ. ಟಿ/ಆರ್ 61-01 ಕೂಡ ಸಲಕರಣೆ ತರುವುದು, ಒಯ್ಯುವುದು ಕಸ್ಟಮ್ಸ್ ನಿಯಮಕ್ಕೇ ಬಿಟ್ಟಿದ್ದು ಅಂತ ಹೇಳಿ ಸುಮ್ಮನಾಗುತ್ತದೆ.

ನನಗೇ ಒಮ್ಮೆ ಆಗಿದ್ದು ಹೇಳುತ್ತೇನೆ. ಆ ದೇಶದ ಹೆಸರು ಬೇಡ. ಸ್ಟೇಷನ್ ನಡೆಸಲು ಅನುಮತಿ ಪತ್ರ ಕೈಯಲ್ಲಿತ್ತು, ಆ ಧೈರ್ಯದಲ್ಲಿ ಹ್ಯಾಂಡಿಯನ್ನು (ಕೈಯಲ್ಲಿ ಹಿಡಿಯುವ ಸೆಟ್) ಬ್ಯಾಗಿನಲ್ಲಿ ಹಾಕಿಕೊಂಡು ಇಳಿದೆ. ಸ್ಕ್ಯಾನರ್‌ನಲ್ಲಿ ಆಂಟೆನಾ ಕಂಡಿತು, ಪಕ್ಕಕ್ಕೆ ಕರೆದರು. ಆ ಅಧಿಕಾರಿ ಹ್ಯಾಮ್ ರೇಡಿಯೋ ಅನ್ನುವ ಮಾತನ್ನೇ ಕೇಳಿರಲಿಲ್ಲ, ಅವರಿಗೆ ಅದು ಪೊಲೀಸರು ಹಿಡಿಯುವಂಥ ವಾಕಿಟಾಕಿ. ನನ್ನ ಪತ್ರದಲ್ಲಿ ಕಾಲ್‌ಸೈನ್ ಇತ್ತು, ಸೆಟ್‌ನ ಮಾಡೆಲ್ ಇರಲಿಲ್ಲ, ಸೀರಿಯಲ್ ನಂಬರ್ ಇರಲಿಲ್ಲ. ‘ಈ ಪತ್ರ ಈ ಸೆಟ್‌ನದ್ದೇ ಅಂತ ನಾನು ಹೇಗೆ ನಂಬಲಿ?’ ಅಂತ ಕೇಳಿದರು. ಅವರು ಕೇಳಿದ್ದು ಸರಿಯಾಗೇ ಇತ್ತು. ಸೆಟ್ ಅಲ್ಲೇ ಉಳಿಯಿತು, ರಸೀದಿ ಕೊಟ್ಟರು, ವಾಪಸ್ ಹೊರಡುವ ದಿನ ಕೊಟ್ಟರು. ಇಡೀ ಪ್ರವಾಸ ರೇಡಿಯೋ ಇಲ್ಲದೆ ಕಳೆಯಿತು. ಅವತ್ತಿನಿಂದ ಅರ್ಜಿ ಹಾಕುವಾಗಲೇ ತಯಾರಕರ ಹೆಸರು, ಮಾಡೆಲ್, ಸೀರಿಯಲ್ ನಂಬರ್, ವಾಟ್ ಎಲ್ಲ ಬರೆದು ಅದು ಅನುಮತಿ ಪತ್ರದಲ್ಲೂ ಬರುವಂತೆ ಕೇಳಿಕೊಳ್ಳುತ್ತೇನೆ. ಖರೀದಿ ರಸೀದಿಯ ಪ್ರತಿ ಸದಾ ಜೊತೆಗಿರುತ್ತದೆ. ಮನೆಗೆ ಮರಳುವಾಗ ಇದು ಹೊಸದಾಗಿ ಕೊಂಡು ತಂದದ್ದಲ್ಲ ಅಂತ ತೋರಿಸಲೂ ಅದೇ ಬೇಕು. ದೊಡ್ಡ ಸ್ಟೇಷನ್ ಒಯ್ಯುವ ತಂಡಗಳು ಎಟಿಎ ಕಾರ್ನೆಟ್ ಮಾಡಿಸುತ್ತವೆ, ಸುಂಕ ಕಟ್ಟದೆ ತಾತ್ಕಾಲಿಕವಾಗಿ ಒಳಗೆ ತಂದು ಮತ್ತೆ ಹೊರಗೊಯ್ಯುವ ದಾಖಲೆ ಅದು. ಒಂದು ಹ್ಯಾಂಡಿಗೆ ಅಷ್ಟೆಲ್ಲ ಬೇಡ.

ಸೆಟ್ ಕೈಚೀಲದಲ್ಲೇ ಇರಲಿ, ಆಂಟೆನಾ ಬಿಚ್ಚಿ ಇಡಿ. ಬಿಡಿ ಲಿಥಿಯಂ ಬ್ಯಾಟರಿಗಳಂತೂ ಕ್ಯಾಬಿನ್‌ಗೇ ಬರಬೇಕು, ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ. 100 ವಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ಸಮಸ್ಯೆ ಇಲ್ಲ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕಿಂತ ಜಾಸ್ತಿ ಇದ್ದರೆ ಪ್ರಯಾಣಿಕರು ಒಯ್ಯುವಂತಿಲ್ಲ. ಲೆಕ್ಕ ಸುಲಭ. 12.8 ವೋಲ್ಟ್, 6 ಆಂಪಿಯರ್-ಅವರ್ ಬ್ಯಾಟರಿ ಅಂದರೆ 76.8 ವಾಟ್-ಅವರ್, ಆರಾಮ. ಅದೇ 12 ಆಂಪಿಯರ್-ಅವರ್ ಆದರೆ 153.6, ಮೊದಲೇ ಕೇಳಿಕೊಳ್ಳಬೇಕು. ಬ್ಯಾಟರಿಯ ಮೇಲೆ ಈ ಅಂಕಿ ಅಚ್ಚಾಗಿರಬೇಕು, ಕೈಯಲ್ಲಿ ಬರೆದ ಚೀಟಿ ಒಪ್ಪುವುದಿಲ್ಲ. ತುದಿಗಳಿಗೆ ಟೇಪ್ ಸುತ್ತುವುದು ಮರೆಯಬೇಡಿ.

ಅಮೆರಿಕದಲ್ಲಿ ಲೈಸೆನ್ಸ್ ಇಲ್ಲದೆ ಮಾರುವ ವಾಕಿಟಾಕಿ ಜೋಡಿಯನ್ನು ಮಕ್ಕಳಿಗೆಂದು ಕೊಂಡಿದ್ದೇವೆ. ಯುರೋಪ್ ಪ್ರವಾಸದಲ್ಲಿ ಬಳಸಬಹುದಾ?

ಬೇಡ. ಅದು ಎಫ್‌ಆರ್‌ಎಸ್, 462 ಮತ್ತು 467 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಯುರೋಪಿನಲ್ಲಿ ಆ ಜಾಗ ಬೇರೆಯವರದ್ದು. ಅಲ್ಲಿ ಲೈಸೆನ್ಸ್ ಬೇಡದ್ದು ಪಿಎಂಆರ್446, 446.0ಯಿಂದ 446.2 ಮೆಗಾಹರ್ಟ್ಸ್, ಅರ್ಧ ವಾಟ್. ಅಲ್ಲೇ ಒಂದು ಜೋಡಿ ಕೊಳ್ಳಿ. ಅದನ್ನು ತಿರುಗಿ ಅಮೆರಿಕಕ್ಕೆ ಒಯ್ದು ಬಳಸುವುದೂ ಅಷ್ಟೇ ತಪ್ಪು.

ಹಡಗಿನಲ್ಲಿ ಹತ್ತು ದಿನದ ವಿಹಾರ. ನಡುಸಮುದ್ರದಲ್ಲಿ ಯಾವ ದೇಶದ ನಿಯಮ? ವಿಮಾನದಲ್ಲಿ?

ನಡುಸಮುದ್ರದಲ್ಲಿ ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶದ ನಿಯಮ. ವಿಹಾರದ ಹಡಗುಗಳು ಬಹಾಮಾಸ್, ಪನಾಮಾ, ಮಾಲ್ಟಾದಂಥ ಬಾವುಟಗಳ ಅಡಿ ಓಡುವುದು ಜಾಸ್ತಿ, ಟಿಕೆಟ್ ಮಾರಿದ ಕಂಪನಿಯ ದೇಶ ಯಾವುದು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಆ ಬಾವುಟದ ದೇಶ ನಿಮ್ಮ ಲೈಸೆನ್ಸ್ ಒಪ್ಪಬೇಕು. ಅದರ ಮೇಲೆ ಹಡಗಿನ ಕ್ಯಾಪ್ಟನ್ ಒಪ್ಪಬೇಕು. ಕಾಗದ ಎಲ್ಲ ಸರಿಯಿದ್ದರೂ ಕ್ಯಾಪ್ಟನ್ ಬೇಡ ಅಂದರೆ ಬೇಡ, ಹಡಗಿನ ದಿಕ್ಕು, ಸುರಕ್ಷತೆಯ ಉಪಕರಣಗಳಿಗೆ ಅಡ್ಡಿಯಾಗಬಾರದು ಅನ್ನುವುದು ಅವರ ಹೊಣೆ. ಬಂದರಿನ ಹತ್ತಿರ ಬಂದು ಒಂದು ದೇಶದ ಜಲಗಡಿ ಸೇರಿದ ಮೇಲೆ ಆ ದೇಶದ ಅನುಮತಿ ಬೇಕು. ಸಮುದ್ರದಲ್ಲಿರುವಾಗ ಕಾಲ್‌ಸೈನ್‌ನ ಕೊನೆಗೆ ಸ್ಟ್ರೋಕ್ ಎಂಎಂ (ಮ್ಯಾರಿಟೈಮ್ ಮೊಬೈಲ್) ಹಾಕುತ್ತಾರೆ. ಈ ಸಂಪರ್ಕಗಳು ಯಾವ ದೇಶದ ಲೆಕ್ಕಕ್ಕೂ ಸೇರುವುದಿಲ್ಲ, ಆದರೆ ಸುತ್ತ ಉಪ್ಪುನೀರು ಇರುವಾಗ ಕೇಳುವ ದನಿಗಳು ಎಷ್ಟು ದೂರದಿಂದ ಬರುತ್ತವೆ ಅಂತ ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಪ್ರಯಾಣಿಕರ ವಿಮಾನದಲ್ಲಿ ಸೆಟ್ ಆನ್ ಮಾಡಲೇಬೇಡಿ. ಸೆಪ್ಟ್ ಸವಲತ್ತು ವಿಮಾನದೊಳಗೆ ಇಲ್ಲ.

ಕೆಲಸದ ಮೇಲೆ ಎರಡು ವರ್ಷ ಬೇರೆ ದೇಶದಲ್ಲಿ ಇರಬೇಕು. ಮೂರು ತಿಂಗಳಿಗೊಮ್ಮೆ ಗಡಿ ದಾಟಿ ಬಂದರೆ ಆಯ್ತು ಅಂತ ಒಬ್ಬರು ಹೇಳಿದರು.

ಆ ಮಾತು ಕೇಳಬೇಡಿ. ಸೆಪ್ಟ್ ಇರುವುದು ಪ್ರವಾಸಿಗೆ. ಅಲ್ಲಿ ಮನೆ ಮಾಡಿ ನೆಲೆಸಿದ ಮೇಲೆ ನೀವು ಪ್ರವಾಸಿ ಅಲ್ಲ, ಅಲ್ಲಿಯದೇ ಲೈಸೆನ್ಸ್ ಬೇಕು. ಎಲ್ಲರೂ ಹೊಸದಾಗಿ ಪರೀಕ್ಷೆ ಬರೆಯಬೇಕಾಗಿಲ್ಲ. ಟಿ/ಆರ್ 61-02 ಅನ್ನುವ ಇನ್ನೊಂದು ಶಿಫಾರಸಿನ ಪ್ರಕಾರ ಒಪ್ಪಿದ ದೇಶಗಳು ಪರೀಕ್ಷೆ ಪಾಸಾದವರಿಗೆ ಹಾರೆಕ್ ಅನ್ನುವ ಪ್ರಮಾಣಪತ್ರ ಕೊಡುತ್ತವೆ. ಅದನ್ನು ತೋರಿಸಿದರೆ ಇನ್ನೊಂದು ಸದಸ್ಯ ದೇಶ ಪರೀಕ್ಷೆ ಇಲ್ಲದೆ ತನ್ನ ಲೈಸೆನ್ಸ್ ಕೊಡುತ್ತದೆ. ಹಾರೆಕ್ ಇಲ್ಲದವರು ಅಲ್ಲಿಯ ಪರೀಕ್ಷೆ ಬರೆಯುವುದೇ ವಾಸಿ. ಅಮೆರಿಕದಲ್ಲಿ ವಿದೇಶಿ ಸರಕಾರದ ಪ್ರತಿನಿಧಿಗಳನ್ನು ಬಿಟ್ಟು ಯಾರು ಬೇಕಾದರೂ ಪರೀಕ್ಷೆಗೆ ಕೂರಬಹುದು, ಅಲ್ಲಿಯ ಒಂದು ಅಂಚೆ ವಿಳಾಸ ಮತ್ತು ಇಮೇಲ್ ಕೊಡಬೇಕು, ಲೈಸೆನ್ಸ್ 10 ವರ್ಷ ನಡೆಯುತ್ತದೆ. ಭಾಷೆ ಬಾರದ ದೇಶವಾದರೆ ಅಲ್ಲಿಯ ರಾಷ್ಟ್ರೀಯ ಹ್ಯಾಮ್ ಸಂಘಕ್ಕೆ ಬರೆಯಿರಿ. 1925ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಐಎಆರ್‌ಯು ಅನ್ನುವ ಒಕ್ಕೂಟದಲ್ಲಿ ಇಂಥ ಸಂಘಗಳು ಸದಸ್ಯರು, ಅವುಗಳ ಪಟ್ಟಿ ಅಲ್ಲಿ ಸಿಗುತ್ತದೆ. ನನ್ನ ಅನುಭವದಲ್ಲಿ ಇಲಾಖೆಗಿಂತ ಮೊದಲು ಉತ್ತರ ಬರುವುದು ಸಂಘದಿಂದ.

ಸೆಟ್ ಒಯ್ಯುವುದೇ ಬೇಡ, ಇಂಟರ್ನೆಟ್ ಮೂಲಕ ನನ್ನ ಮನೆಯ ಸ್ಟೇಷನ್ನನ್ನೇ ಅಲ್ಲಿಂದ ನಡೆಸಿದರೆ?

ಟ್ರಾನ್ಸ್‌ಮಿಟರ್ ಎಲ್ಲಿದೆ ಅನ್ನುವುದು ಮುಖ್ಯ, ನಿಮ್ಮ ಬೆರಳು ಎಲ್ಲಿದೆ ಅನ್ನುವುದಲ್ಲ. ಮನೆಯ ಸ್ಟೇಷನ್‌ನಿಂದ ಅಲೆ ಹೊರಡುವುದಾದರೆ ನಿಮ್ಮ ದೇಶದ ನಿಯಮ ನಡೆಯುತ್ತದೆ. ರಿಮೋಟ್ ಆಗಿ ನಡೆಸಲು, ಅದೂ ದೇಶದ ಹೊರಗಿನಿಂದ ನಡೆಸಲು ಆ ನಿಯಮ ಬಿಡುತ್ತದೋ ನೋಡಿಕೊಳ್ಳಿ. ಬಿಟ್ಟರೆ ನಿಮ್ಮ ಮಾಮೂಲಿ ಕಾಲ್‌ಸೈನ್ ಹೇಳಿ, ನೀವಿರುವ ದೇಶದ ಪ್ರಿಫಿಕ್ಸ್ ಸೇರಿಸಬೇಡಿ, ಅದು ಕೇಳುವವರಿಗೆ ಸುಳ್ಳು ಹೇಳಿದಂತೆ. ಇದರ ತಿರುವುಮುರುವು ಕೂಡ ಹೀಗೇ. ಮನೆಯಲ್ಲಿ ಕೂತು ಯುರೋಪಿನ ಗೆಳೆಯನ ಸ್ಟೇಷನ್ ನಡೆಸಲು ಸೆಪ್ಟ್ ಉಪಯೋಗಕ್ಕೆ ಬರುವುದಿಲ್ಲ, ಆ ದೇಶದಲ್ಲಿ ನೀವೇ ಇರಬೇಕು.

ಗೆಳೆಯನ ಮನೆಗೇ ಹೋಗಿ ಅವರ ಸ್ಟೇಷನ್ ಬಳಸುವ ಬಗ್ಗೆ ಇನ್ನಿಬ್ಬರು ಕೇಳಿದ್ದಾರೆ. ಸೆಪ್ಟ್ ಅದಕ್ಕೆ ಅವಕಾಶ ಕೊಡುತ್ತದೆ. ಸೆಪ್ಟ್ ಇಲ್ಲದ ಕಡೆ ಆ ಗೆಳೆಯರ ಲೈಸೆನ್ಸ್‌ನಲ್ಲಿ ಅತಿಥಿಗೆ ಮೈಕ್ ಕೊಡಬಹುದಾ ಅಂತ ಅವರೇ ನೋಡಬೇಕು. ಅವರು ಹಿಂಜರಿದರೆ ಒತ್ತಾಯ ಮಾಡಬೇಡಿ, ತಪ್ಪಾದರೆ ಹೋಗುವುದು ಅವರ ಲೈಸೆನ್ಸ್.

ನಾನಿರುವಾಗಲೇ ಅಲ್ಲಿ ಭೂಕಂಪವೋ ಪ್ರವಾಹವೋ ಆದರೆ? ಅನುಮತಿಗೆ ಕಾಯುತ್ತಾ ಕೂರಬೇಕಾ?

ಜೀವ ಅಪಾಯದಲ್ಲಿದ್ದರೆ, ಬೇರೆ ದಾರಿ ಇಲ್ಲದಿದ್ದರೆ ಸಹಾಯಕ್ಕೆ ಕೂಗಿ. ಅಪಾಯದಲ್ಲಿರುವ ಸ್ಟೇಷನ್ ತನ್ನ ಕೈಯಲ್ಲಿರುವ ಯಾವ ಸಾಧನದಿಂದಲಾದರೂ ಗಮನ ಸೆಳೆಯುವುದನ್ನು ಐಟಿಯು ನಿಯಮಗಳು ತಡೆಯುವುದಿಲ್ಲ. ಆದರೆ ಪರಿಹಾರ ಕಾರ್ಯಕ್ಕೆ ಸೇರಿಕೊಳ್ಳುತ್ತೇನೆ, ಸಂದೇಶ ಸಾಗಿಸುತ್ತೇನೆ ಅನ್ನುವುದು ಬೇರೆ. ವಿಪತ್ತಿನ ಸಮಯದಲ್ಲಿ ದೂರಸಂಪರ್ಕ ಸಲಕರಣೆ ಗಡಿ ದಾಟಿ ಬರಲು ಅಡ್ಡಿಗಳನ್ನು ಸಡಿಲಿಸುವುದಕ್ಕೆಂದೇ 1998ರಲ್ಲಿ ಟಾಂಪೆರೆ ಒಪ್ಪಂದ ಆಯಿತು, 2005ರ ಜನವರಿ 8ರಿಂದ ಜಾರಿಯಲ್ಲಿದೆ. ಅದೂ ಸಹಿ ಹಾಕಿ ಒಪ್ಪಿಕೊಂಡ ದೇಶಗಳಿಗೆ, ನೆರವು ಬೇಕು ಅಂತ ಆ ದೇಶ ಕೇಳಿದಾಗ. ಅಲ್ಲಿಯ ಹ್ಯಾಮ್ ಸಂಘದವರನ್ನು ಹುಡುಕಿ, ಅವರು ಹೇಳಿದ ಫ್ರೀಕ್ವೆನ್ಸಿಯಲ್ಲಿ, ಅವರು ಹೇಳಿದ ಕೆಲಸ ಮಾಡಿ. ಮೊದಲ ದಿನ ಬರೀ ಕೇಳಿಸಿಕೊಂಡು ಬರೆದಿಡುವುದೂ ದೊಡ್ಡ ಸಹಾಯ.

ಎರಡು ತಿಂಗಳ ಹಿಂದೆ ಒಂದು ದೇಶದ ಇಲಾಖೆಗೆ ಅರ್ಜಿ ಕಳಿಸಿದೆ. ಉತ್ತರವೇ ಇಲ್ಲ. ಹೊರಡಲು ಎಂಟು ದಿನ ಇದೆ. ಬೇಡ ಅಂತಲೂ ಹೇಳಿಲ್ಲವಲ್ಲ, ಹೋಗಿ ನಡೆಸಲಾ?

ನಿಮ್ಮ ಪತ್ರ ಓದಿ ಬೇಸರ ಆಯ್ತು, ಏಕೆಂದರೆ ಎಲ್ಲವನ್ನೂ ಸರಿಯಾಗಿ ಮಾಡಿದ್ದೀರಿ. ಆದರೂ ಬೇಡ. ಉತ್ತರ ಬಾರದ್ದು ಒಪ್ಪಿಗೆಯಲ್ಲ. ಬಾಯಿಮಾತಿನ ಒಪ್ಪಿಗೆಯೂ ಸಾಲದು, ಮುಂದೆ ಡಿಎಕ್ಸ್‌ಸಿಸಿಯವರು ಕೂಡ ಲಿಖಿತ ಅನುಮತಿ ಕೇಳುತ್ತಾರೆ, ಅದಿಲ್ಲದಿದ್ದರೆ ನಿಮ್ಮ ಜೊತೆ ಮಾತಾಡಿದವರ ಸಂಪರ್ಕವೂ ಲೆಕ್ಕಕ್ಕೆ ಬರದೇ ಹೋಗಬಹುದು. ಇವತ್ತೇ ಎರಡು ಕೆಲಸ ಮಾಡಿ. ಆ ದೇಶದ ಹ್ಯಾಮ್ ಸಂಘಕ್ಕೆ ನಿಮ್ಮ ಅರ್ಜಿಯ ಪ್ರತಿ ಕಳಿಸಿ, ಎಂಟು ದಿನ ಕಡಿಮೆಯೇನಲ್ಲ, ಅವರು ಇಲಾಖೆಗೆ ಒಂದು ಫೋನ್ ಮಾಡಿದರೆ ಕೆಲಸ ಆಗಿರುವುದುಂಟು. ಇಲಾಖೆಗೂ ಹಳೆಯ ಪತ್ರದ ದಿನಾಂಕ ಹಾಕಿ ಮತ್ತೊಮ್ಮೆ ಬರೆಯಿರಿ, ಇಳಿಯುವ ದಿನ, ಉಳಿಯುವ ವಿಳಾಸ, ಸೆಟ್‌ನ ವಿವರ ಎಲ್ಲ ಒಂದೇ ಪುಟದಲ್ಲಿ ಇರಲಿ.

ಹೊರಡುವ ದಿನದವರೆಗೂ ಬರದಿದ್ದರೆ ಟ್ರಾನ್ಸ್‌ಮಿಟರ್ ಮನೆಯಲ್ಲಿ ಬಿಟ್ಟು ಒಂದು ಚಿಕ್ಕ ಶಾರ್ಟ್‌ವೇವ್ ರಿಸೀವರ್ ಒಯ್ಯಿರಿ. ಕೇಳುವುದಕ್ಕೂ ಕೆಲವು ದೇಶಗಳಲ್ಲಿ ಮಿತಿ ಇದೆ, ಬ್ರಿಟನ್‌ನಲ್ಲಿ ವಿಮಾನಗಳ ಮಾತು ಕೇಳುವುದು ಕಾನೂನಿನ ಪ್ರಕಾರ ತಪ್ಪು. ಹವ್ಯಾಸಿ ಬ್ಯಾಂಡ್, ಪ್ರಸಾರ ಕೇಂದ್ರಗಳು ಸಾಮಾನ್ಯವಾಗಿ ಪರವಾಗಿಲ್ಲ. ಅಲ್ಲಿಂದ ನಿಮ್ಮ ಮನೆಯ ಕಡೆಯ ಸ್ಟೇಷನ್‌ಗಳು ಯಾವ ಹೊತ್ತಿಗೆ, ಯಾವ ಬ್ಯಾಂಡ್‌ನಲ್ಲಿ ಕೇಳುತ್ತವೆ ಅಂತ ದಿನವೂ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅನುಮತಿ ಪತ್ರದ ಜೊತೆ ಹೋದಾಗ ಆ ಪುಸ್ತಕ ತೆಗೆದುಕೊಂಡು ಹೋಗಿ.